ಸೂಜಿ, ದಾರ, ಸೊಲ್ಯೂಷನ್

ಹೆಸರಿಟ್ಟಿದ್ದು ರೈಲಿನಲ್ಲಿ ಸಿಕ್ಕ ಹೂವಿನಮ್ಮ. ಅಲ್ಲಿಯವರೆಗೆ ನಾನೂ ನನ್ನ ತಮ್ಮನೂ ಅದನ್ನು ‘ಶೋಲ್ಡರ್ ಪೀಸ್’ ಅಂತಲೇ ಕರೀತಿದ್ವಿ.

2025ರ ಜನವರಿ, ಒಂದು ಶನಿವಾರ ಬೆಳಿಗ್ಗೆ. ಮಾರಿಕುಪ್ಪದ ಕಡೆಯಿಂದ ಬಂದ ರೈಲು ಮಾಲೂರಿನಲ್ಲಿ ನಿಂತಾಗ ಬಾಗಿಲಲ್ಲೇ ಜನ ಜೋತಾಡ್ತಿದ್ದರು. ಕೋಟು, ವಿಗ್ಗು ಇರೋ ಬ್ಯಾಗನ್ನು ಎದೆಗೆ ಅವುಚಿಕೊಂಡು ತಮ್ಮ ಹತ್ತಿದ. ನಾನು ಅಮ್ಮನ ಹಳೇ ಸೀರೆಯಲ್ಲಿ ಸುತ್ತಿದ ಗಂಟನ್ನು ತಲೆ ಮೇಲೆ ಎತ್ತಿ ಹಿಡಿದು ಅವನ ಹಿಂದೆ. ಒಳಗೆ ಕೂತಿದ್ದ ಹೂವಿನಮ್ಮ ತಮ್ಮ ಸೇವಂತಿಗೆ ಮೂಟೆ ತೋರಿಸಿ, ‘ಕೊಡಮ್ಮ ಇಲ್ಲಿ, ಇದರ ಮೇಲಿಡು, ಮೆತ್ತಗಿರುತ್ತೆ’ ಅಂದರು. ಸೀರೆಯ ಅಂಚು ಸರಿಸಿ ನೋಡಿದರು. ಬೆಳ್ಳಿ ಬಣ್ಣ, ಮೂರು ಪದರ, ಅಂಚಿಗೆ ಚಿನ್ನದ ಗೆರೆ.

‘ಭುಜಕೀರ್ತಿ! ಯಾವೂರಲ್ಲಿ ನಾಟಕ?’

ವೈಟ್‌ಫೀಲ್ಡ್‌ನಲ್ಲಿ ಅಂದ ತಮ್ಮ. ‘ನೀನೇನು, ದುರ್ಯೋಧನನಾ?’ ಅವನು ಜಪಾನಿನ ಅನಿಮೆ ಕಾರ್ಟೂನು, ಅದರಲ್ಲಿ ಬರೋ ಕತ್ತಿವೀರ ಅಂತೆಲ್ಲ ವಿವರಿಸಿದ. ಅವರು ಪೂರ್ತಿ ಕೇಳಿಸಿಕೊಂಡು, ‘ಯಾವ ವೀರನಾದರೇನು, ಭುಜಕೀರ್ತಿ ನೆಟ್ಟಗಿರಬೇಕು’ ಅಂದು, ವೈಟ್‌ಫೀಲ್ಡ್ ಬರುವವರೆಗೂ ಅದರ ಮೇಲೊಂದು ಕೈ ಇಟ್ಟುಕೊಂಡೇ ಕೂತಿದ್ದರು. ನಮ್ಮ ಕಡೆ ಪೌರಾಣಿಕ ನಾಟಕ ನೋಡದ ಊರಿಲ್ಲ. ಕಿರೀಟ, ಗದೆ, ಭುಜಕೀರ್ತಿ ಎಲ್ಲರ ಬಾಯಲ್ಲೂ ಇರೋ ಮಾತು. ನಮ್ಮದೇ ಮಾತು ನಮಗೆ ಹೊಳೆಯದೆ ಹೋಗಿತ್ತು.

ನಾವು ಹೊರಟಿದ್ದು ಬೆಂಗಳೂರು ಕಾಮಿಕ್ ಕಾನ್ ಮೇಳಕ್ಕೆ. ಕಾಮಿಕ್ಸ್, ಅನಿಮೆ ಪಾತ್ರಗಳ ವೇಷ ಹಾಕಿಕೊಂಡು ಜನ ಸೇರೋ ಜಾಗ ಅದು. ಮೊದಲೆಲ್ಲ ಮಾಲೂರಿನಿಂದ ಈ ಮೇಳಕ್ಕೆ ಹೋಗಿ ಬರೋದು ಅಂದರೆ ದಿನವೆಲ್ಲ ದಾರಿಯಲ್ಲೇ. 2023ರಲ್ಲಿ ವೈಟ್‌ಫೀಲ್ಡ್‌ಗೆ ಮೆಟ್ರೊ ಬಂದ ಮೇಲೆ ಬಹಳ ಸಲೀಸು. ರೈಲಿಳಿದರೆ ಮೆಟ್ರೊ ಪಕ್ಕದಲ್ಲೇ, ಕೆಲವೇ ಸ್ಟೇಷನ್ ದಾಟಿದರೆ ಕೆಟಿಪಿಒ ಸಭಾಂಗಣದ ಹತ್ತಿರ ಇಳೀಬಹುದು. ಮೇಳ ನಡೆಯೋದು ಅಲ್ಲೇ. 2012ರಲ್ಲಿ ಅದು ಮೊದಲ ಸಲ ಬೆಂಗಳೂರಿಗೆ ಬಂದಾಗ ಕೋರಮಂಗಲದ ಒಳಾಂಗಣ ಕ್ರೀಡಾಂಗಣದಲ್ಲಿ ಆಗಿತ್ತು. ಆಗ ನನ್ನ ತಮ್ಮ ಅಂಗನವಾಡಿಗೆ ಹೋಗ್ತಿದ್ದ.

ನಾನು ವೇಷ ಹಾಕಲ್ಲ. ಇಷ್ಟವಿಲ್ಲ ಅಂತಲ್ಲ, ನನ್ನ ಕೆಲಸ ಬೇರೆ. ವೇಷ ಹಾಕಿದವರ ಜೊತೆ ಇರೋರನ್ನ ಅಲ್ಲಿ ‘ಹ್ಯಾಂಡ್ಲರ್’ ಅಂತಾರೆ. ನನ್ನ ಚೀಲದಲ್ಲಿ ಏನೇನಿರುತ್ತೆ ಅಂದರೆ: ಸೂಜಿ, ಕಪ್ಪು ಬಿಳಿ ದಾರ, ಎರಡು ಡಜನ್ ಪಿನ್ನು, ಅಗಲದ ಟೇಪು, ಸ್ಟ್ರಾ ಇರೋ ನೀರಿನ ಬಾಟಲಿ (ಮುಖಕ್ಕೆ ಬಣ್ಣ ಬಳಿದ ಮೇಲೆ ಲೋಟದಲ್ಲಿ ಕುಡಿಯೋಕಾಗಲ್ಲ), ಕಡಲೆಮಿಠಾಯಿ, ಒಂದು ಪುಟ್ಟ ಡಬ್ಬಿ ಸೊಲ್ಯೂಷನ್ (ಚಪ್ಪಲಿ ಅಂಟಿಸೋ ಗೋಂದು).

ಸೊಲ್ಯೂಷನ್ ಬಗ್ಗೆ ಹೇಳಲೇಬೇಕು. ರಕ್ಷಾಕವಚ ಕಬ್ಬಿಣದ್ದಲ್ಲ, ಫೋಮ್ ಶೀಟಿನದು. ಯೋಗಾ ಮ್ಯಾಟ್ ತರಹದ್ದೇ, ಸ್ವಲ್ಪ ಗಟ್ಟಿ. ನ್ಯೂಸ್ ಪೇಪರಿನಲ್ಲಿ ಅಳತೆ ಕತ್ತರಿಸಿ, ಅದನ್ನಿಟ್ಟು ಶೀಟು ಕೊಯ್ದು, ಬಿಸಿಗಾಳಿ ಕೊಟ್ಟು ಬಗ್ಗಿಸಿದರೆ ಭುಜದ ಆಕಾರಕ್ಕೆ ನಿಲ್ಲುತ್ತೆ. ಬಗ್ಗಿಸಿದ್ದನ್ನ ತಣ್ಣಗಾಗೋವರೆಗೆ ಬಿಡಬಾರದು. ಅಡುಗೆಮನೆಯ ಕುಕ್ಕರಿನ ಮೇಲೆ ಒತ್ತಿ ಹಿಡಿದು ತಮ್ಮ ಕೂರ್ತಿದ್ದ. ಅಂಟಿಸೋದು ಮಾತ್ರ ನಮಗೆ ಬರಲಿಲ್ಲ. ಬಿಸಿಗೋಂದು ಹಾಕಿದರೆ ಬಿಸಿಲಿಗೆ ಬಿಟ್ಟುಕೊಳ್ತಿತ್ತು. ಕೊನೆಗೆ ಹೇಳಿಕೊಟ್ಟವರು ಬಸ್ ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯೋ ತಾತ. ‘ಎರಡೂ ಮುಖಕ್ಕೆ ಹಚ್ಚು. ತಕ್ಷಣ ಸೇರಿಸಬೇಡ. ಬೆರಳಿಟ್ಟರೆ ಅಂಟಬಾರದು, ಆದರೆ ಅಂಟೋ ಹಾಗೆ ಅನ್ನಿಸಬೇಕು. ಆಗ ಒತ್ತು. ಒಂದೇ ಸಲ. ಒತ್ತಿದ ಮೇಲೆ ಸರಿಸೋಕಾಗಲ್ಲ.’ ಹತ್ತು ನಿಮಿಷ ಕಾಯಬೇಕು, ಅಷ್ಟೇ ವಿದ್ಯೆ. ಆ ಹತ್ತು ನಿಮಿಷ ಕಾಯೋದಿದೆಯಲ್ಲ, ನನ್ನ ತಮ್ಮನಿಗೆ ಅದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ.

ಮೇಳದ ಬಾಗಿಲಲ್ಲಿ ತಮ್ಮನ ಕತ್ತಿ ಪರೀಕ್ಷೆ ಮಾಡಿದರು. ಪಿವಿಸಿ ಪೈಪಿಗೆ ಫೋಮ್ ಸುತ್ತಿದ್ದು ಅಂತ ಗೊತ್ತಾದ ಮೇಲೆ ಒಳಗೆ ಬಿಟ್ಟರು. ಒಳಗೆ ಕಾಮಿಕ್ಸ್ ಅಂಗಡಿಗಳು, ಚಿತ್ರ ಬರೆದು ಮಾರೋ ಹುಡುಗ ಹುಡುಗಿಯರ ಸಾಲು ಮೇಜುಗಳು, ಕಿವಿಗಡಚಿಕ್ಕೋ ಸದ್ದು. ನಾಲ್ಕು ಹೆಜ್ಜೆಗೊಬ್ಬರು ತಮ್ಮನನ್ನು ನಿಲ್ಲಿಸಿ ಫೋಟೊ ಕೇಳೋರು. ಮನೆಯಲ್ಲಿ ನಾಲ್ಕು ಮಾತಾಡದ ಹುಡುಗ ಅವನು. ಅಲ್ಲಿ ಕತ್ತಿ ಎತ್ತಿ ನಿಂತರೆ ಅವನ ಬೆನ್ನೇ ಬೇರೆ ಥರ ನೆಟ್ಟಗಾಗ್ತಿತ್ತು. ನನಗೆ ಕಣ್ಣು ತುಂಬಿ ಬಂತು.

ಮಧ್ಯಾಹ್ನ ಒಂದು ಗಂಟೆಗೆ ಎಡಗಡೆ ಭುಜಕೀರ್ತಿಯ ಮೇಲಿನ ಪದರ ಬಾಯಿಬಿಟ್ಟಿತು. ಹಿಂದಿನ ರಾತ್ರಿ ಅವಸರದಲ್ಲಿ ಐದೇ ನಿಮಿಷಕ್ಕೆ ಒತ್ತಿದ್ದ ಜಾಗ. ಸ್ಪರ್ಧೆಗೆ ಹೆಸರು ಕೊಟ್ಟಾಗಿತ್ತು. ಗೋಡೆ ಪಕ್ಕ ಕೂರಿಸಿ, ಹಳೇ ಅಂಟು ಕೆರೆದು, ಎರಡೂ ಮುಖಕ್ಕೆ ಹಚ್ಚಿದೆ. ‘ಅಕ್ಕ, ಸಾಕು, ಒತ್ತು’ ಅಂದ. ‘ಇರೋ, ಇನ್ನೂ ಆರು ನಿಮಿಷ.’ ಅಷ್ಟರಲ್ಲಿ ರೆಕ್ಕೆ ಕಟ್ಟಿಕೊಂಡಿದ್ದ ಹುಡುಗಿಯೊಬ್ಬಳ ತಾಯಿ ಪಿನ್ನು ಕೇಳಿಕೊಂಡು ಬಂದರು. ಹಿಂದೆಯೇ ಇನ್ನೊಬ್ಬಳು ದಾರಕ್ಕೆ. ಆ ಗೋಡೆ ಪಕ್ಕ ನೋಡ್ತೀನಿ, ನನ್ನಂಥೋರೇ ಸಾಲಾಗಿ ಕೂತಿದ್ದಾರೆ. ಅಣ್ಣ, ಗೆಳತಿ, ಅಮ್ಮ, ಒಬ್ಬರ ಅಪ್ಪ ಮಗಳ ಬೂಟಿನ ಹಿಮ್ಮಡಿಗೆ ಟೇಪ್ ಸುತ್ತುತ್ತಾ. ಯಾರ ಫೋಟೊದಲ್ಲೂ ಇಲ್ಲದವರು. ಬಹುಮಾನ ತಮ್ಮನಿಗೆ ಬರಲಿಲ್ಲ, ಭುಜಕೀರ್ತಿ ಮಾತ್ರ ಮನೆಗೆ ಬರೋವರೆಗೂ ಅಲ್ಲಾಡಲಿಲ್ಲ.

ಬೇಸಿಗೆಯಲ್ಲಿ ನಮ್ಮೂರ ಕರಗ. ನಮ್ಮದು ವಹ್ನಿಕುಲ, ತಿಗಳರ ಮನೆ. ನಮ್ಮ ಚಿಕ್ಕಪ್ಪ, ಕತ್ತಿ ಹಿಡಿದು ಕರಗಕ್ಕೆ ಕಾವಲಾಗಿ ನಡೆಯೋ ವೀರಕುಮಾರರಲ್ಲೊಬ್ಬರು. ತಿಮಿರಾಸುರನನ್ನು ಎದುರಿಸೋಕೆ ದ್ರೌಪದಿ ತಾಯಿ ಆದಿಶಕ್ತಿಯಾಗಿ ವೀರಕುಮಾರರನ್ನು ಹುಟ್ಟಿಸಿದಳು, ಯುದ್ಧ ಮುಗಿದ ಮೇಲೆ ಅವರು ಬಿಟ್ಟುಹೋಗಬೇಡ ಅಂತ ಅತ್ತದ್ದಕ್ಕೆ ವರ್ಷಕ್ಕೊಮ್ಮೆ ಬರ್ತೀನಿ ಅಂತ ಮಾತು ಕೊಟ್ಟಳು ಅನ್ನೋದು ನಾವು ಹುಟ್ಟಿದಾಗಿನಿಂದ ಕೇಳಿದ ಕಥೆ. ಕರಗ ಹೊರೋರು ಅವತ್ತು ಗಂಡಸಲ್ಲ, ತಾಯಿ. ಸೀರೆ, ಬಳೆ, ಹಣೆ ತುಂಬ ಕುಂಕುಮ, ತಲೆ ಮೇಲೆ ಮಲ್ಲಿಗೆಯ ಗೋಪುರ. ಕೈಯಲ್ಲಿ ಹಿಡಿಯೋ ಹಾಗಿಲ್ಲ.

ಚಿಕ್ಕಂದಿನಿಂದ ನಾನು ನೋಡ್ತಿದ್ದದ್ದು ಆ ಮಲ್ಲಿಗೆಯನ್ನೇ. ಈ ಸಲ ಮೊದಲ ಬಾರಿಗೆ ಚಿಕ್ಕಪ್ಪನನ್ನು ನೋಡಿದೆ. ಪೇಟ, ಬಿಳಿ ಪಂಚೆ, ಕೈಯಲ್ಲಿ ಕತ್ತಿ. ಅವರ ಕಣ್ಣು ಕರಗದ ಮೇಲಿರಲೇ ಇಲ್ಲ. ನೆಲದ ಮೇಲೆ. ಯಾರೋ ರಸ್ತೆಗೆ ನೀರು ಚೆಲ್ಲಿ ಕೆಸರಾದ ಕಡೆ ಕಾಲಿನಿಂದಲೇ ಮಣ್ಣು ಎಳೆದು ಹಾಕ್ತಿದ್ದರು. ಮೇಲೆ ಕೇಬಲ್ ವೈರು ಇಳಿಬಿದ್ದ ಜಾಗದಲ್ಲಿ ಕೈ ಎತ್ತಿ ಕೂಗಿ ಹೇಳ್ತಿದ್ದರು. ಫೋನ್ ಹಿಡಿದು ಮುಂದೆ ನುಗ್ಗಿದ ಹುಡುಗನನ್ನು ಒಂದು ಮಾತೂ ಆಡದೆ ಭುಜದಿಂದ ಪಕ್ಕಕ್ಕೆ ಸರಿಸಿದರು. ರಾತ್ರಿಯಿಡೀ ಹಾಗೇ. ಬೆಳಿಗ್ಗೆ ಬಂದಾಗ ಅವರ ಪಾದ ನೋಡಿ ಅಜ್ಜಿ ಬಿಸಿನೀರು ಕಾಯಿಸಿದರು. ‘ಅಮ್ಮ ನೆಟ್ಟಗೆ ಗುಡಿ ಸೇರಿದಳೇನೋ?’ ಅಂದರು. ‘ಸೇರಿದಳಮ್ಮ’ ಅಂದವರು ಅಲ್ಲೇ ಜಗುಲಿ ಮೇಲೆ ನಿದ್ದೆಹೋದರು.

ಮೇಳವೂ ಕರಗವೂ ಒಂದೇ ಅಂತ ನಾನು ಹೇಳಲ್ಲ. ಒಂದು ಖುಷಿ, ಇನ್ನೊಂದು ವ್ರತ. ತಮ್ಮ ಒಮ್ಮೆ ವೀರಕುಮಾರರ ವೇಷವನ್ನೇ ಫೋಮಿನಲ್ಲಿ ಮಾಡ್ತೀನಿ ಅಂದಾಗ ಬೇಡ ಅಂದವಳು ನಾನೇ. ದೀಕ್ಷೆ ತಗೊಂಡು ಉಪವಾಸ ಇದ್ದು ಹಿಡಿಯೋ ಕತ್ತಿ ಅದು. ಅವನೂ ಒಪ್ಪಿಕೊಂಡ.

ಅಕ್ಟೋಬರಿನಲ್ಲಿ ನಾನು, ಅಜ್ಜಿ ಸಿಂಗಪುರಕ್ಕೆ ಹೋದ್ವಿ. ಅತ್ತೆ ಮನೆ ಅಲ್ಲಿದೆ. ಮಾವ ಹಡಗುಕಟ್ಟೆಯಲ್ಲಿ ಟೆಕ್ನಿಷಿಯನ್, ಅತ್ತೆ ಆಸ್ಪತ್ರೆಯಲ್ಲಿ ಪಾಳಿ ಕೆಲಸ. ಟಿಕೆಟ್ ಅವರೇ ಮಾಡಿಸಿದ್ದು. ಅಜ್ಜಿಯ ಬ್ಯಾಗಿನಿಂದ ಹೊಗೆಸೊಪ್ಪು ತೆಗೆಸೋಕೆ ಎರಡು ದಿನ ಹಿಡಿಯಿತು, ಅಲ್ಲಿ ಅದಕ್ಕೆ ನಿಷೇಧ. ಉಳಿದಂತೆ ರಾಗಿಹಿಟ್ಟು, ಹುರುಳಿಕಾಳು, ಚಟ್ನಿಪುಡಿ. ನನ್ನ ಸೊಲ್ಯೂಷನ್ ಡಬ್ಬಿಯನ್ನೂ ಮನೆಯಲ್ಲೇ ಬಿಡಬೇಕಾಯ್ತು, ಬೆಂಕಿ ಹೊತ್ತಿಕೊಳ್ಳೋ ವಸ್ತು ವಿಮಾನಕ್ಕೆ ಹತ್ತಿಸಲ್ಲ. ನಾಲ್ಕೂವರೆ ಗಂಟೆ ಪ್ರಯಾಣದಲ್ಲಿ ಅಜ್ಜಿ ಕಿಟಕಿ ಬಿಟ್ಟು ಅಲ್ಲಾಡಲಿಲ್ಲ.

ದೀಪಾವಳಿಗೆ ಮುಂಚೆ ಅಲ್ಲಿ ‘ತೀಮಿದಿ’ ನಡೆಯುತ್ತೆ, ಅಂದರೆ ಕೊಂಡ ಹಾಯೋದು. ಸಿರಂಗೂನ್ ರಸ್ತೆಯ ಶ್ರೀನಿವಾಸ ಪೆರುಮಾಳ್ ಗುಡಿಯಿಂದ ಹೊರಟು ಸುಮಾರು ನಾಲ್ಕು ಕಿಲೋಮೀಟರ್ ನಡೆದು ಸೌತ್ ಬ್ರಿಡ್ಜ್ ರಸ್ತೆಯ ಮಾರಿಯಮ್ಮನ ಗುಡಿಗೆ ಬರ್ತಾರೆ. 1827ರ ಗುಡಿ, ಆ ದೇಶದ ಹಿಂದೂ ಗುಡಿಗಳಲ್ಲೇ ಹಳೆಯದು. ಇದು ಯಾರ ಹಬ್ಬ ಅಂತ ಅಜ್ಜಿ ಕೇಳಿದಾಗ ಅತ್ತೆ ಅಂದರು, ‘ದ್ರೌಪದಮ್ಮಂದೇ ಕಣಮ್ಮ. ಯುದ್ಧ ಮುಗಿದ ಮೇಲೆ ತಾಯಿ ಕೆಂಡ ತುಳಿದಳಲ್ಲ, ಅದು.’ ಅಜ್ಜಿ ಆಮೇಲೆ ಮಧ್ಯಾಹ್ನದ ಊಟವನ್ನೂ ಮಾಡಲಿಲ್ಲ.

ನನಗೆ ಅಲ್ಲಿ ದಾರಿ ಕೇಳೋಕೂ ಅಳುಕು. ಅಜ್ಜಿಗೆ ಅಕ್ಷರ ಬರಲ್ಲ, ಆದರೆ ಹೊಸೂರು ಸಂತೆಗೆ ಸೊಪ್ಪು ಹೊತ್ತು ಕಲಿತ ತಮಿಳಿತ್ತು. ಗುಡಿಯ ಸೇವೆಗೆ ನಿಂತ ಹೆಂಗಸರ ಜೊತೆ ಹತ್ತೇ ನಿಮಿಷದಲ್ಲಿ ಮಾತಿಗಿಳಿದರು. ‘ಅವಳ ಮಗ ವೀರಕುಮಾರನಂತೆ’ ಅಂತ ಒಬ್ಬರಿಂದೊಬ್ಬರಿಗೆ ಸುದ್ದಿ ಹೋಗಿ, ತಡೆಗೋಡೆಯ ಪಕ್ಕ ನಮಗೆ ಜಾಗವೂ ಸಿಕ್ಕಿತು. ಅದೇ ರಸ್ತೆಯಲ್ಲಿ ಸ್ವಲ್ಪ ಆಚೆ ಜಾಮೆ ಮಸೀದಿಯ ಮಿನಾರುಗಳು ಕಂಡವು. ‘ಇಲ್ಲೂ ಮೆರವಣಿಗೆ ಒಳಗೆ ಹೋಗಿ ಬರುತ್ತಾ?’ ಅಂತ ಅಜ್ಜಿ ಕೇಳಿದರು. ಬೆಂಗಳೂರಿನ ಕರಗ ಮಸ್ತಾನ್ ಸಾಹೇಬರ ದರ್ಗಾಕ್ಕೆ ಹೋಗೋದನ್ನ ನೋಡಿದವರು ಅವರು.

ಮೊದಲು ಬಂದವರು ಅರ್ಚಕರು. ತಲೆ ಮೇಲೆ ಹೂವಿನಿಂದ ಮುಚ್ಚಿದ ಕಲಶ. ಅದಕ್ಕವರು ಕರಗಂ ಅಂತಲೇ ಹೇಳೋದು. ಅಜ್ಜಿಯ ಕೈ ತಾನಾಗಿ ಮೇಲೆದ್ದಿತು. ‘ಗೋವಿಂದಾ’ ಅಂದದ್ದು ನಮ್ಮ ಬೀದಿಯಲ್ಲಿ ಕೂಗುವಷ್ಟೇ ಜೋರಾಗಿತ್ತು.

ಅವರ ಹಿಂದೆ ಒಬ್ಬೊಬ್ಬರಾಗಿ ಗಂಡಸರು, ಹಳದಿ ಬಟ್ಟೆ, ಕೈಯಲ್ಲಿ ಬೇವಿನ ಸೊಪ್ಪು. ಕೆಂಡದ ಕೊನೆಗೆ ಒಂದು ಹಾಲಿನ ಗುಂಡಿ. ಆ ಗುಂಡಿಯ ಅಂಚಿನಲ್ಲಿ ನಿಂತ ಒಬ್ಬರ ಮೇಲೆ ನನ್ನ ಕಣ್ಣು ನೆಟ್ಟಿತು. ಐವತ್ತು ದಾಟಿರಬೇಕು, ಕನ್ನಡಕ. ಓಡಿ ಬಂದವರು ಹಾಲಿಗೆ ಕಾಲಿಟ್ಟ ಕೂಡಲೇ ಕೆಲವರು ತೂಕ ತಪ್ಪಿ ಮುಂದಕ್ಕೆ ವಾಲೋರು. ಅವರು ಎದೆಗೆ ಅಡ್ಡ ಕೈ ಕೊಟ್ಟು ಹಿಡಿದು, ಒಂದು ಕ್ಷಣ ನಿಲ್ಲಿಸಿ, ಬೆನ್ನು ತಟ್ಟಿ ಪಕ್ಕಕ್ಕೆ ಕಳಿಸೋರು. ತಕ್ಷಣ ಕೈ ಮತ್ತೆ ಮುಂದಕ್ಕೆ. ಎಷ್ಟು ಜನರನ್ನು ಹಿಡಿದರೋ, ಅವರ ಅಂಗಿಯ ತೋಳು ಹಾಲಲ್ಲಿ ತೊಯ್ದು ಮೈಗಂಟಿತ್ತು. ಚಿಕ್ಕಪ್ಪನ ಪಾದ ನೆನಪಾಯ್ತು.

ಅತ್ತೆ ಮಗಳಿಗೆ ಹತ್ತೊಂಬತ್ತು. ಕನ್ನಡ ಪೂರ್ತಿ ಅರ್ಥವಾಗುತ್ತೆ, ಮಾತು ಇಂಗ್ಲಿಷಿನಲ್ಲಿ. ಅವಳೂ ವೇಷ ಹಾಕ್ತಾಳೆ ಅಂತ ನನಗೆ ಗೊತ್ತಿರಲಿಲ್ಲ. ನವೆಂಬರ್ ಕೊನೆಗೆ ಸನ್‌ಟೆಕ್ ಸಭಾಂಗಣದಲ್ಲಿ ದೊಡ್ಡ ಅನಿಮೆ ಮೇಳ, 2008ರಿಂದ ನಡೀತಿರೋದು. ಅವಳ ಕೋಣೆಯಲ್ಲಿ ಅರ್ಧ ಮುಗಿದ ಎದೆಕವಚ ಇತ್ತು. ಯಾರ ಜೊತೆ ಹೋಗ್ತೀಯ ಅಂದೆ. ಒಬ್ಬಳೇ ಅಂದಳು. ಅಲ್ಲಿನ ಶೌಚಾಲಯದಲ್ಲೇ ಬಟ್ಟೆ ಬದಲಿಸಿ, ಬೆನ್ನಿನ ಪಟ್ಟಿ ತಾನೇ ಕೈ ತಿರುಗಿಸಿ ಕಟ್ಟಿಕೊಳ್ತಾಳಂತೆ. ಕಳೆದ ವರ್ಷ ಅದು ಜಾರಿದಾಗ ಎರಡು ಗಂಟೆ ಮೂಲೆಯಲ್ಲಿ ಕೂತು ವಾಪಸ್ ಬಂದಿದ್ದಳು. ಮನೆಯಲ್ಲಿ ಹೇಳಿರಲಿಲ್ಲ.

ಉಳಿದ ಐದು ದಿನ ನಾವು ಹೊರಗೆ ಸುತ್ತಿದ್ದು ಕಡಿಮೆ. ಮಾವ ಕೆಳಗಿನ ಹಾರ್ಡ್‌ವೇರ್ ಅಂಗಡಿಯಿಂದ ಅಂಟು ತಂದುಕೊಟ್ಟರು. ಅಜ್ಜಿ ಮಂಚದ ಮೇಲೆ ಕೂತು ಪಟ್ಟಿಗಳ ಅಂಚು ಹೊಲಿದರು. ಬೆನ್ನಿನ ಕಟ್ಟನ್ನು ಪಕ್ಕೆಗೆ ಬದಲಿಸಿದೆ, ಒಬ್ಬಳೇ ಕಟ್ಟಿಕೊಳ್ಳೋ ಹಾಗೆ. ಹೊರಡುವಾಗ ನನ್ನ ಸೂಜಿ ದಾರದ ಡಬ್ಬಿಯನ್ನು ಅವಳ ಮೇಜಿನ ಮೇಲಿಟ್ಟು ಬಂದೆ.

ಮೊನ್ನೆ ಶನಿವಾರ ನಾನು ಮುದ್ದೆಗೆ ಎಸರಿಟ್ಟಿದ್ದೆ. ನಮಗೆ ಹನ್ನೊಂದು, ಅವಳಿಗೆ ಒಂದೂವರೆ. ವಿಡಿಯೊ ಕಾಲ್. ಹಿಂದೆ ಜನವೋ ಜನ.

‘ಅಕ್ಕ, ಬಿಟ್ಕೊಂತು.’ ಕನ್ನಡದಲ್ಲೇ ಅಂದಳು.

‘ಎರಡೂ ಕಡೆ ಹಚ್ಚಿದ್ಯಾ?’

‘ಹಚ್ಚಿದೆ.’

‘ಒತ್ತಬೇಡ. ಫೋನ್ ಇಡಬೇಡ. ಹತ್ತು ನಿಮಿಷ ಇಲ್ಲೇ ಇರ್ತೀನಿ.’

ಅವಳ ಫೋನು ಅಲ್ಲಾಡ್ತಿರಲಿಲ್ಲ. ಯಾರು ಹಿಡಿದಿದ್ದಾರೆ ಅಂದೆ. ಪರದೆ ಒಮ್ಮೆ ತಿರುಗಿ, ನೀಲಿ ವಿಗ್ಗು ಹಾಕಿದ ಹುಡುಗಿಯೊಬ್ಬಳು ಕೈ ಬೀಸಿದಳು. ಪಿನ್ನು ಕೇಳಿಕೊಂಡು ಬಂದು ಅಲ್ಲೇ ಕೂತುಬಿಟ್ಟವಳಂತೆ. ತಮ್ಮ ಓಡಿಬಂದು ಗಡಿಯಾರ ನೋಡ್ತಾ ನಿಂತ. ಹಿಂದಿನಿಂದ ಅಜ್ಜಿ ಸೆರಗಿಗೆ ಕೈ ಒರೆಸಿಕೊಳ್ತಾ ಬಂದು ಫೋನಿಗೆ ಮುಖ ಹತ್ತಿರ ತಂದರು.

‘ಭುಜಕೀರ್ತಿ ನೆಟ್ಟಗಿದೆಯೇನೇ?’