ಬಿಳೀ ಸೀರಿ, ಕಾಲಾಗ ಗೆಜ್ಜಿ

ಫೈಲಿನ ಉದ್ದ 1 ನಿಮಿಷ 12 ಸೆಕೆಂಡು. ಈ ವಾರ ಅದನ್ನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಮೊದಲ ಇಪ್ಪತ್ತು ಸೆಕೆಂಡು ವಾಡೆಯ ಪಡಸಾಲೆಯ ಮೌನ: ದೂರದಲ್ಲಿ ಒಂದು ನಾಯಿ, ಕೊಟ್ಟಿಗೆಯಲ್ಲಿ ಎಮ್ಮೆ ಮೈ ಕೊಡವಿದ ಸದ್ದು. ಆಮೇಲೆ ಆ ಮನೆಯಲ್ಲಿರುವ ಆಯಿಯ ದನಿ. "ಬಿಳೀ ಸೀರಿ ಉಟ್ಟಾಕಿಗೆ ಕಾಲಾಗ ಗೆಜ್ಜಿ ಯಾರು ಕೊಟ್ರು ತಂಗಿ?" ಅದರ ಬೆನ್ನಿಗೇ ಬರುವ ದನಿ ನನ್ನದು. "ಆಯಿ, ಒಂದ್ ನಿಮಿಷ ಸುಮ್ನಿರ್ರಿ, ರೆಕಾರ್ಡ್ ಆಗಾಕತ್ತೇತಿ." ಆಮೇಲೆ "ಹೂಂ" ಅಂತ ಒಂದು ಸಣ್ಣ ಸದ್ದು. ಮತ್ತೆ ಮೌನ.

ಸಿನಿಮಾದವರು ಇದಕ್ಕೆ ರೂಮ್ ಟೋನ್ ಅನ್ನುತ್ತಾರೆ. ಪ್ರತಿ ಕೋಣೆಗೂ ತನ್ನದೇ ಒಂದು ಮೌನ ಇರುತ್ತದೆ. ಶೂಟಿಂಗ್ ಮುಗಿದ ಮೇಲೆ ಎಲ್ಲರೂ ನಿಂತಲ್ಲೇ ನಿಂತು, ಉಸಿರನ್ನೂ ಜೋರಾಗಿ ಬಿಡದೆ, ಆ ಮೌನವನ್ನು ಒಂದು ನಿಮಿಷ ತುಂಬಿಕೊಳ್ಳಬೇಕು. ಎಡಿಟಿಂಗ್‌ನಲ್ಲಿ ಎರಡು ಮಾತುಗಳ ನಡುವೆ ಕತ್ತರಿಸಿದ ಜಾಗಕ್ಕೆ ಇದನ್ನು ಹಾಸದಿದ್ದರೆ ಸದ್ದು ಒಮ್ಮೆಲೇ ಸತ್ತಂತೆ ಕೇಳುತ್ತದೆ. ನಾವು ಇನ್ನೊಂದು ಟೇಕ್ ತೆಗೆದುಕೊಂಡೆವು. ಅದರಲ್ಲಿ ಆಯಿಯ ದನಿ ಇಲ್ಲ. ಸಿನಿಮಾಕ್ಕೆ ಬೇಕಾದದ್ದು ಆ ಎರಡನೆಯದು. ನಾನು ಕೇಳುತ್ತಾ ಕೂತಿರುವುದು ಮೊದಲನೆಯದನ್ನು.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಹತ್ತು ನಿಮಿಷದ ಹಾರರ್ ಸಿನಿಮಾ ಮಾಡೋಣ ಅಂದವಳು ನಾನೇ. ಸಪ್ತಾಪುರದ ಗೆಳತಿಯ ರೂಮಿನಲ್ಲಿ ಐದು ಮಂದಿ ಕೂತು ಕತೆ ಬರೆದೆವು. ಬೆಂಗಳೂರಿನಲ್ಲಿ ಕೆಲಸ ಮಾಡುವ ಹುಡುಗಿ ಹಳ್ಳಿಯ ವಾಡೆಯನ್ನು ಮಾರಲು ಬರುತ್ತಾಳೆ, ರಾತ್ರಿ ಬಿಳಿ ಸೀರೆಯ ಹೆಂಗಸೊಬ್ಬಳು ಕಾಣುತ್ತಾಳೆ, ಆಕೆಯ ಕೈ ಹಗೇವಿನ, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿಯ, ಬಾಯಿಯಿಂದ ಮೇಲೆ ಬರುತ್ತದೆ. ಬಿಳಿ ಸೀರೆ, ಬಿಟ್ಟ ಕೂದಲು, ಗೆಜ್ಜೆಯ ಸದ್ದು. ಇದನ್ನು ಬರೆಯುವಾಗ ನಮ್ಮಲ್ಲಿ ಒಬ್ಬರೂ ಒಂದು ಕ್ಷಣ ನಿಂತು ಯೋಚಿಸಲಿಲ್ಲ. ದೆವ್ವ ಅಂದಕೂಡಲೇ ಐವರ ಕಣ್ಣ ಮುಂದೆಯೂ ಆಕೆಯೇ ಬಂದು ನಿಂತಿದ್ದಳು. ನಮ್ಮ ಮೇಷ್ಟ್ರು ಓದಿ, "ಮೂರು ಕಡಿ ಬೆಚ್ಚಿಬೀಳಬೇಕು ನೋಡ್ರಿ, ಇಲ್ಲಂದ್ರ ಮಂದಿ ಮೊಬೈಲ್ ತಗೀತಾರ" ಅಂದರು. ಅವರು ಒಳ್ಳೆಯ ಮನುಷ್ಯ, ಆದರೆ ಸಿನಿಮಾ ಅಂದರೆ ನೋಡುವವರನ್ನು ಹಿಡಿದು ಕೂರಿಸುವ ಕೆಲಸ ಅಂತಷ್ಟೇ ನಂಬಿದ್ದಾರೆ. ಆಗ ನಾನೂ ಅದನ್ನೇ ನಂಬಿದ್ದೆ.

ವಾಡೆ ಸಿಕ್ಕಿದ್ದು ಗರಗದ ಕಡೆಯ ಒಂದು ಹಳ್ಳಿಯಲ್ಲಿ. ಮನೆಯವರು ಪುಣೆ ಸೇರಿ ಬಹಳ ವರ್ಷ ಆಗಿದೆ. ಹಿಂದಿನ ಎರಡು ಖೋಲಿಯಲ್ಲಿ ಆಯಿ ಒಬ್ಬರೇ ಇದ್ದಾರೆ, ಆ ಮನೆಗೆ ದೂರದ ಸಂಬಂಧ. ಒಂದು ಎಮ್ಮೆ ಕಟ್ಟಿದ್ದಾರೆ. ಹಾಲು ಡೇರಿಗೆ ಹಾಕುತ್ತಾರೆ. ನಾವು ಹೋದ ದಿನವೇ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ ಬಡಿಸಿ, ಐದು ಮಂದಿಯ ಹೆಸರು ಒಂದೇ ಸಲಕ್ಕೆ ನೆನಪಿಟ್ಟುಕೊಂಡರು. ನಾವು ಅವರ ಹೆಸರು ಕೇಳಿದ್ದು ಎರಡನೇ ದಿನ ಮಧ್ಯಾಹ್ನ.

ಸೀರೆಯದು ಹೀಗಾಯಿತು. ಸುಭಾಸ ರಸ್ತೆಯಲ್ಲಿ ಕೊಂಡ ಹೊಸ ಬಿಳಿ ಸೀರೆ ಲೈಟ್ ಬಿದ್ದರೆ ಸುಣ್ಣದ ಗೋಡೆಯಂತೆ ಉರಿಯುತ್ತಿತ್ತು. ಮಡಿಕೆ, ನೆರಿಗೆ ಒಂದೂ ಕ್ಯಾಮೆರಾದಲ್ಲಿ ಕಾಣುತ್ತಿರಲಿಲ್ಲ. ಕ್ಯಾಮೆರಾ ಹಿಡಿದ ನಮ್ಮ ಗೆಳೆಯ ಮಹಾ ಹಟಮಾರಿ, ಕೆಲಸ ಬಲ್ಲವನು. ಹಳ್ಳಿಯ ಟ್ಯೂಬ್‌ಲೈಟಿನ ಕೆಳಗೆ ಚಿತ್ರದಲ್ಲಿ ಪಟ್ಟಿ ಪಟ್ಟಿ ಕಂಡಾಗ, ನಮ್ಮ ಕರೆಂಟು 50 ಹರ್ಟ್ಜ್, ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ ಅಂತ ಹೇಳಿ, ಶಟರ್ 1/50ಕ್ಕೆ ಇಟ್ಟು ಅರ್ಧ ನಿಮಿಷದಲ್ಲಿ ಸರಿಮಾಡಿದವನು ಅವನೇ. ಸಿನಿಮಾದವರು ಹೊಸ ಬಿಳಿ ಬಟ್ಟೆಯನ್ನು ಚಹಾದ ನೀರಿನಲ್ಲಿ ಅದ್ದಿ ಬಣ್ಣ ಇಳಿಸುತ್ತಾರಂತೆ. ನಾವು ಪಾತೇಲಿ ಹುಡುಕುತ್ತಿದ್ದಾಗ ಅವನ ಕಣ್ಣು ಹಿತ್ತಲಿನ ಹಗ್ಗದ ಮೇಲೆ ಬಿತ್ತು. ಆಯಿಯ ಸೀರೆ ಒಣಗುತ್ತಿತ್ತು. ವರ್ಷಾನುಗಟ್ಟಲೆ ಒಗೆದೂ ಒಗೆದೂ ಕೆನೆಯ ಬಣ್ಣಕ್ಕೆ ಇಳಿದ ಬಿಳುಪು. "ಇದ ಬೇಕು" ಅಂದ.

ಕೇಳಲು ಹೋದವಳು ನಾನು. "ಆಯಿ, ನಿಮ್ಮದೊಂದು ಸೀರಿ ಬೇಕಾಗಿತ್ತು, ನಾಟಕಕ್ಕ." ನಾಟಕ ಅಂದೆ. ದೆವ್ವಕ್ಕೆ ಅಂತ ಬಾಯಿ ಬರಲಿಲ್ಲ. ಅವರು ಟ್ರಂಕು ತೆಗೆದು, ಡಾಂಬರ ಗುಳಿಗೆಯ ವಾಸನೆಯ ಒಂದು ಸೀರೆ ತೆಗೆದು, ಹರಿದಿಲ್ಲ ತಾನೇ ಅಂತ ಬೆಳಕಿಗೆ ಹಿಡಿದು ನೋಡಿ ಕೊಟ್ಟರು. ಇದ್ದುದರಲ್ಲಿ ಚಲೋದನ್ನೇ ಆರಿಸಿ ಕೊಟ್ಟರು ಅಂತ ಆಮೇಲೆ ತಿಳಿಯಿತು.

ಹಗೇವಿನ ಮಾತನ್ನು ಬಿಟ್ಟು ಮುಂದೆ ಹೋಗಲು ನನಗೆ ಆಗುವುದಿಲ್ಲ. ಪಡಸಾಲೆಯ ಮೂಲೆಯಲ್ಲಿ ಕಲ್ಲು ಮುಚ್ಚಿದ ಬಾಯಿ, ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಒಳಗೆ ಹೊಟ್ಟೆ ಅಗಲ. ಹಿಂದೆ ಜೋಳ ತುಂಬುತ್ತಿದ್ದರು, ಈಗ ಖಾಲಿ. ದೆವ್ವದ ಪಾತ್ರದ ಗೆಳತಿ ಒಳಗೆ ಕೂತು ಕೈ ಮೇಲೆತ್ತಬೇಕು, ಇದು ನಮ್ಮ ಯೋಜನೆ. ಹುಡುಗರು ಕಲ್ಲು ಸರಿಸಿದ್ದರು, ಆಕೆ ಸೆರಗು ಸಿಕ್ಕಿಸಿಕೊಂಡು ತಯಾರಾಗಿದ್ದಳು. ಎಮ್ಮೆಗೆ ನೀರು ಕುಡಿಸಿ ಬಂದ ಆಯಿ ಅದನ್ನು ನೋಡಿದ್ದೇ ಬಕೀಟು ಅಲ್ಲೇ ಕುಕ್ಕಿದರು.

"ಯಾರೂ ಇಳೀಬ್ಯಾಡ್ರಿ. ಒಳಗ ಉಸಿರು ಇರಂಗಿಲ್ಲ."

ಖಾಲಿ ಐತಲ್ಲ ಆಯಿ ಅಂತ ಯಾರೋ ಅಂದರು. ಆಯಿ ಮಾತು ಬೆಳೆಸಲಿಲ್ಲ. ಒಳಗಿನಿಂದ ಕಂದೀಲು ತಂದು ಹಚ್ಚಿ, ಹಗ್ಗ ಕಟ್ಟಿ, ಕೈಯಿಂದ ಕೈಗೆ ಹಗ್ಗ ಬಿಡುತ್ತಾ ಇಳಿಸಿದರು. ನಾವು ಐವರೂ ಬಗ್ಗಿ ನೋಡುತ್ತಿದ್ದೆವು. ಅರ್ಧ ಇಳಿಯುವವರೆಗೂ ದೀಪ ನೆಟ್ಟಗೆ ಉರಿಯಿತು. ಆಮೇಲೆ ಕುಡಿ ಗಿಡ್ಡದಾಯಿತು, ಅಂಚಿನಲ್ಲಿ ನೀಲಿ ಆಯಿತು, ತಳ ಮುಟ್ಟುವ ಮೊದಲೇ ಆರಿತು. ಗಾಳಿ ಇರಲಿಲ್ಲ. ಯಾರೋ ಬೆರಳಿನಿಂದ ಒತ್ತಿದಂತೆ ಆರಿತು.

ಒಳಗಿಟ್ಟ ಕಾಳು ಉಸಿರಾಡುತ್ತದೆ, ಮುಚ್ಚಿದ ಹಗೇವಿನ ಆಮ್ಲಜನಕವನ್ನೆಲ್ಲ ಅದೇ ತಿಂದು ಮುಗಿಸುತ್ತದೆ. ಜೋಳಕ್ಕೆ ಹುಳ ಹತ್ತದೆ ಇರುವುದು ಇದರಿಂದಲೇ. ಕಾಳು ತೆಗೆದ ಮೇಲೂ ಉಳಿದ ಹೊಟ್ಟು, ಹಸಿ ಕೊಳೆತು ಇಂಗಾಲದ ಡೈಆಕ್ಸೈಡ್ ತಳದಲ್ಲಿ ನಿಲ್ಲುತ್ತದೆ, ಗಾಳಿಗಿಂತ ಭಾರ ಅದು. ವಿಜ್ಞಾನದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ನನ್ನ ಗೆಳತಿಯನ್ನು ಅದರೊಳಗೆ ಇಳಿಸುವಾಗ ನೆನಪಾಗಲಿಲ್ಲ. "ನಾ ಈ ಮನಿಗೆ ಬಂದ ವರ್ಷ ಒಬ್ಬ ಆಳುಮಗ ಇಳಿದಾಂವ ಮ್ಯಾಲ ಬರಲಿಲ್ಲ" ಅಂದರು ಆಯಿ. ಅಷ್ಟೇ ಹೇಳಿ ಬಕೀಟು ಎತ್ತಿಕೊಂಡು ಹೋದರು. ಕೈಯ ಶಾಟನ್ನು ಆಮೇಲೆ ಗೆಳತಿಯನ್ನು ಹಗೇವಿನ ಬಾಯಿಯ ಪಕ್ಕ ಮಲಗಿಸಿ, ಮೇಲಿಂದ ಕೋನ ಕೊಟ್ಟು ತೆಗೆದೆವು. ತೆರೆಯ ಮೇಲೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಇದು ಮೊದಲ ರಾತ್ರಿ. ನಮ್ಮ ಹುಡುಗಿಯ ಜೀವ ಉಳಿಸಿದ ಆ ಹೆಂಗಸಿಗೆ ಮರುರಾತ್ರಿ ನಾನು ಸುಮ್ಮನಿರ್ರಿ ಅಂದೆ.

ಆ ಹೊತ್ತಿಗೆ ಅವರು ಪಡಸಾಲೆಯ ಕಂಬಕ್ಕೆ ಒರಗಿ ಕೂತು ಎರಡು ತಾಸು ಶೂಟಿಂಗ್ ನೋಡಿದ್ದರು. ತಮ್ಮ ಸೀರೆ ಉಟ್ಟು, ಕೂದಲು ಬಿಟ್ಟು, ಬೆಲ್ಲದ ಪಾಕಕ್ಕೆ ಕೆಂಪು ಬಣ್ಣ ಮತ್ತು ಒಂದಿಷ್ಟು ಕಾಫಿಪುಡಿ ಕಲಸಿ ಮಾಡಿದ ರಕ್ತ ಮೆತ್ತಿಕೊಂಡು ಗೆಳತಿ ನಡೆಯುತ್ತಿದ್ದಳು. ಪ್ರತಿ ಹೆಜ್ಜೆಗೆ ಗೆಜ್ಜೆ ಝಲ್ ಅನ್ನುತ್ತಿತ್ತು. ಇದು ಎಂಥ ನಾಟಕ ಅಂತ ಆಯಿಗೆ ಯಾವಾಗ ತಿಳಿಯಿತೋ. ಅವರು ಎದ್ದು ಹೋಗಲಿಲ್ಲ, ಸೀರೆ ವಾಪಸ್ ಕೇಳಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದರು.

ಆ ಪ್ರಶ್ನೆಯನ್ನು ನಾನು ಮೊದಲು ಕತೆಯ ತಪ್ಪು ಅಂತ ಕೇಳಿಸಿಕೊಂಡೆ. ನಿಜವೇ. ಗಂಡ ಸತ್ತ ದಿನ ಬಳೆ ಒಡೆದು, ಕಾಲುಂಗುರ ತೆಗೆಸಿದ ಮೇಲೆ ಕೊಟ್ಟ ಸೀರೆ ಅದು. ಅದನ್ನು ಉಟ್ಟವಳ ಕಾಲಿಗೆ ಗೆಜ್ಜೆ ಎಲ್ಲಿಂದ ಬರಬೇಕು? ನಮ್ಮ ದೆವ್ವ ಯಾವ ಊರಲ್ಲೂ, ಯಾವ ಮನೆಯಲ್ಲೂ ಬದುಕಿದ ಹೆಂಗಸಲ್ಲ. ಐದನೇ ಸಲವೋ ಆರನೇ ಸಲವೋ ಕೇಳುವಾಗ "ಯಾರು ಕೊಟ್ರು" ಅನ್ನುವಲ್ಲಿ ಅವರ ದನಿ ತುಸು ನಿಂತು ಮುಂದೆ ಹೋಗುವುದು ಕಿವಿಗೆ ಬಿತ್ತು. ಅಲ್ಲಿ ಆಕ್ಷೇಪಣೆ ಇಲ್ಲ. ಸೋಜಿಗ ಇದೆ. ಸತ್ತ ಮೇಲಾದರೂ ಆಕೆಗೆ ಗೆಜ್ಜೆ ಸಿಕ್ಕಿತಲ್ಲ, ಕೊಟ್ಟ ಪುಣ್ಯಾತ್ಮರು ಯಾರು ಅಂತ ಕೇಳಿದ ಹಾಗಿದೆ. ಇದು ನನ್ನ ಕಲ್ಪನೆಯೂ ಇರಬಹುದು. ಆದರೆ ಒಮ್ಮೆ ಹಾಗೆ ಕೇಳಿಸಿದ ಮೇಲೆ ಬೇರೆ ರೀತಿ ಕೇಳಿಸುತ್ತಲೇ ಇಲ್ಲ.

ಮನೆಯಲ್ಲಿ ಅವ್ವನಿಗೆ ಹೇಳಿದೆ. ಅವ್ವ ಬೆಳೆದದ್ದು ಧಾರವಾಡದ ಹಳೇ ಓಣಿಯಲ್ಲಿ. "ನಮ್ಮ ಓಣ್ಯಾಗ ಬ್ರಾಹ್ಮಣರ ಮನಿ ಮಡಿ ಅಜ್ಜಿಗೋಳು ಕೆಂಪು ಸೀರಿ ಉಡ್ತಿದ್ರು, ತಲಿ ಬೋಳಿಸಿ ಸೆರಗು ಹೊದ್ದಿರ್ತಿದ್ರು. ಸಂಜೀಮುಂದ ಅವರು ಎದುರು ಬಂದ್ರ ನಾವು ಹುಡುಗೂರು ಓಡಿಹೋಗ್ತಿದ್ವಿ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಪಾಪ, ಅವರು ಒಂದ್ ದಿನಾನೂ ನಮ್ಮನ್ನ ಬೈಲಿಲ್ಲ" ಅಂದಳು. ಒಂದು ಮನೆಯಲ್ಲಿ ಬಿಳಿ, ಒಂದು ಮನೆಯಲ್ಲಿ ಕೆಂಪು. ಮಕ್ಕಳು ಓಡಿದ್ದು ಎರಡನ್ನೂ ಕಂಡು. ಶುಭಕಾರ್ಯಕ್ಕೆ ಹೊರಟಾಗ ವಿಧವೆ ಎದುರಾಗಬಾರದು ಅಂತ ಹಿಂದೆ ಸರಿಯುವ ದೊಡ್ಡವರನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಈ ಹೆದರಿಕೆಯನ್ನು ಸಿನಿಮಾ ಹುಟ್ಟಿಸಲಿಲ್ಲ. ಮನೆ ಮನೆಯಲ್ಲಿ ಮೊದಲೇ ಇತ್ತು. ಸಿನಿಮಾ ಅದನ್ನು ಎತ್ತಿಕೊಂಡು ಕೂದಲು ಬಿಚ್ಚಿತು, ಗಾಳಿ ಬೀಸಿತು. ನಾವೈವರು ಅದನ್ನೇ ಮತ್ತೆ ಎತ್ತಿಕೊಂಡು ಹೋಗಿ, ಆ ಸೀರೆಯನ್ನು ದಿನಾ ಉಡುವ ಹೆಂಗಸಿನ ಕಣ್ಣೆದುರೇ, ಅವರದೇ ಪಡಸಾಲೆಯಲ್ಲಿ, ಅವರು ಬಡಿಸಿದ ರೊಟ್ಟಿ ಉಂಡು ಎದ್ದು ಆಡಿ ತೋರಿಸಿದೆವು. ಹೆದರಬೇಕಾದದ್ದು ಅಲ್ಲೇ ಮೂಲೆಯಲ್ಲಿ, ಕಲ್ಲಿನ ಕೆಳಗೆ ನಿಜವಾಗಿಯೂ ಇತ್ತು. ಅದು ಗೊತ್ತಿದ್ದವರು ಅವರೊಬ್ಬರೇ.

ಗುರುವಾರ ತಂಡದಲ್ಲಿ ಜಗಳವಾಯಿತು. ಗೆಜ್ಜೆಯ ಸದ್ದು ತೆಗೆಯೋಣ, ಕತೆಯನ್ನು ಕಂದೀಲಿನ ಸುತ್ತ ಮತ್ತೆ ಕಟ್ಟೋಣ, ಆಯಿಯ ಪ್ರಶ್ನೆಯನ್ನು ಕೊನೆಯಲ್ಲಿ ಕಪ್ಪು ತೆರೆಯ ಮೇಲೆ ಬಿಡೋಣ ಅಂದೆ. ಕ್ಯಾಮೆರಾ ಗೆಳೆಯ, "ಹಂಗಾದ್ರ ಅದು ಹಾರರ್ ಅಲ್ಲ" ಅಂದ. ನಾನು ಹೆಡ್‌ಫೋನ್ ಅವನ ಕಿವಿಗೆ ಹಾಕಿದೆ. ಕೇಳಿ ಸುಮ್ಮನೆ ಕೂತ. ಆಮೇಲೆ, ಕಂದೀಲು ಆರುವ ಶಾಟ್ ಬೇಕಾದರೆ ಮತ್ತೆ ಹೋಗಬೇಕು, ಟ್ರೈಪಾಡ್ ನಾನು ತರುತ್ತೇನೆ ಅಂದ. ಇಂಥ ಕಡೆ ಅವನ ಹಟಕ್ಕಿಂತ ಅವನ ಮನಸ್ಸು ದೊಡ್ಡದು.

ಭಾನುವಾರ ಹೋದೆವು. ಸೀರೆಯನ್ನು ಮೂರು ನೀರಿನಲ್ಲಿ ಒಗೆದರೂ ಸೆರಗಿನ ತುದಿಯಲ್ಲಿ ಉಗುರಿನಷ್ಟು ಕೆಂಪು ಉಳಿದಿತ್ತು. ಹೊಸದೊಂದನ್ನೂ ಒಯ್ದಿದ್ದೆ. ಆಯಿ ಹೊಸದನ್ನು ಪಕ್ಕಕ್ಕಿಟ್ಟು, ಹಳೆಯದರ ಕಲೆಯನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡಿ, "ಹೋಗ್ತೈತಿ, ಬಿಸಿಲಿಗೆ ಹಾಕಿದ್ರ" ಅಂದರು. ನಾಟಕಕ್ಕೆ ಅಂತ ಸುಳ್ಳು ಹೇಳಿದ್ದೆ ಆಯಿ, ದೆವ್ವದ ವೇಷಕ್ಕೆ ಬೇಕಾಗಿತ್ತು ಅಂದೆ. ಅವರು ತಲೆ ಅಲ್ಲಾಡಿಸಿದರು, ಗೊತ್ತಿತ್ತು ಅನ್ನುವ ಹಾಗೆ. "ನನಗ ಬಿಳೀದಂದ್ರ ನೂಲು ನೆನಪಾಗ್ತೈತಿ ತಂಗಿ" ಅಂದರು. ಹರೇದಲ್ಲಿ ಗರಗದ ಖಾದಿ ಕೇಂದ್ರದಲ್ಲಿ ನೂಲು ತೆಗೆಯುತ್ತಿದ್ದರಂತೆ. ರಾಷ್ಟ್ರಧ್ವಜದ ಬಟ್ಟೆಗೆ ಹೆಸರಾದ ಊರು ಅದು. ಎಳೆ ಹರಿಯದಂತೆ ಎಳೆಯುವುದು ಹೇಗೆ ಅಂತ ಹೆಬ್ಬೆರಳು, ತೋರುಬೆರಳು ಕೂಡಿಸಿ ಗಾಳಿಯಲ್ಲಿ ತೋರಿಸಿದರು.

ಆಮೇಲೆ ಹೆಡ್‌ಫೋನ್ ಕೊಟ್ಟೆ. ನಿಮ್ಮ ದನಿ ಸಿನಿಮಾದಲ್ಲಿ ಇರಲೇನು, ಕೇಳಿ ಹೇಳ್ರಿ ಅಂದೆ. ಸೆರಗು ಸರಿಸಿ ಎರಡೂ ಕೈಯಿಂದ ಕಿವಿಗೆ ಒತ್ತಿ ಹಿಡಿದುಕೊಂಡರು. ಕಣ್ಣು ಎಮ್ಮೆಯ ಮೇಲಿತ್ತು. ಇಪ್ಪತ್ತನೇ ಸೆಕೆಂಡಿಗೆ ಹುಬ್ಬು ಮೇಲೇರಿತು.

"ನನ್ನ ದನಿ ಹಿಂಗ ಐತೇನು?"

ಆಮೇಲೆ ಮುಖ ನನ್ನ ಕಡೆ ತಿರುಗಿತು. "ಈಕಿ ಯಾರು, ನನಗ ಸುಮ್ನಿರು ಅನ್ನಾಕಿ?"

"ನಾನ, ಆಯಿ."

ಅವರು ಹೆಡ್‌ಫೋನ್ ತೆಗೆಯಲಿಲ್ಲ. ಫೈಲು ಕೊನೆಯವರೆಗೆ ಓಡಿತು.

"ಇನ್ನೊಮ್ಮಿ ಹಚ್ಚ" ಅಂದರು.