ಭಟ್ಟಿ ಮುಂದ ಕುಂತಿದ್ದು

ನಮ್ಮ ರೂಮ್‌ಮೇಟ್‌ಗ ಯೂಟ್ಯೂಬ್ ನೋಡಿ ತಲಿ ಕೆಟ್ಟೈತಿ, ಪ್ರೆಶರ್ ಕುಕ್ಕರಿಗೆ ತಾಮ್ರದ ಪೈಪ್ ಹಚ್ಚಿ ವಾಸ್ಕೋದ ಖೋಲ್ಯಾಗ ಫೆನಿ, ಅಂದ್ರ ಗೋವಾದ ಗೇರುಹಣ್ಣಿನ ಸಾರಾಯಿ, ಇಳಸ್ತೀನಿ ಅಂತ ಒಂದ ಸಮನ ಹಠ. ಲೈಸೆನ್ಸ್ ಇಲ್ದ ಕಾಸಿದ್ರ ಎಕ್ಸೈಜ್‌ನವ್ರು ಒಯ್ತಾರ, ಪೈಪ್ ಕಟ್ಟಿಕೊಂಡ್ರ ಕುಕ್ಕರ್ ಸಿಡೀತೈತಿ ಅಂದ್ರ ಕೇಳವಲ್ಲ. ಅದಕ್ಕ ಭಾನುವಾರ ಸತ್ತರಿ ಕಡೆ ಗೆಳೆಯನ ಮಾವನ ಭಟ್ಟಿಗೆ ಕರ್ಕೊಂಡು ಹೋದೆ.

ಗೇರುಹಣ್ಣು ತುಳದು ರಸಾ ಹಿಂಡಿ ಎರಡು ಮೂರು ದಿನ ಹಂಗ ಬಿಡ್ತಾರ, ಈಸ್ಟ್ ಗೀಸ್ಟ್ ಏನೂ ಹಾಕಂಗಿಲ್ಲ, ತಾನ ಬುರುಗು ಬರ್ತೈತಿ, ಒಮ್ಮೆ ಕಾಸಿದ್ರ ಉರಾಕ್, ಅದನ್ನ ಮತ್ತ ರಸದ ಜೋಡಿ ಕಾಸಿದ್ರ ಫೆನಿ, ಆಲ್ಕೋಹಾಲ್ 42 ಪರ್ಸೆಂಟ್ ಆಸುಪಾಸು. 2009ರಾಗ ಜಿಐ ಟ್ಯಾಗ್ (ಇದು ಈ ಸೀಮೆದ ಮಾಲು ಅನ್ನೋ ಸರ್ಕಾರಿ ಗುರುತು) ಸಿಕ್ಕ ಮಾಲು ಇದು, ಆದ್ರ ಎಷ್ಟು ಖಡಕ್ ಐತಿ ಅಂತ ಅಳತಿ ಮಾಡಾಕ ಮಾವನ ಕೈಯಾಗ ಮೀಟರ್ ಇಲ್ಲ, ಬಾಟ್ಲಿ ಅಲ್ಲಾಡ್ಸಿ ಗುಳ್ಳಿ ಎಷ್ಟೊತ್ತು ನಿಂತಾವು ನೋಡ್ತಾರ, ಅಷ್ಟ. ಮೊದ್ಲು ಇಳಿದಿದ್ದನ್ನ ನೆಲಕ್ಕ ಚೆಲ್ಲಿದ್ರು.

"ಮಾವಾ, ನಾ ಎಷ್ಟು ದಿನದಾಗ ಕಲೀಬಹುದ್ರೀ?" ಅಂದ ಇವ.

ಮಾವ ಒಲಿಗೆ ಇನ್ನೊಂದು ಕಟಗಿ ತುರುಕಿ "ಮೊದ್ಲು ಬೆಂಕಿ ನೋಡ್ಕೋತ ಕುಂಡ್ರೋ ತಮ್ಮಾ" ಅಂದ್ರು. ನಾಕು ತಾಸು ಕುಂತಾನ್ರೀ, ಫೋನ್ ಮುಟ್ಟಲಿಲ್ಲ, ಅದ ದೊಡ್ಡ ಆಶ್ಚರ್ಯ. ಅಂಗಿ ಎರಡು ಸಲ ಒಗದ್ರೂ ಇನ್ನೂ ಗೇರುಹಣ್ಣಿನ ಘಮ ಹೋಗಿಲ್ಲ.