ಬೂಷ್ಟು ಹಿಡಿಯಲೆಂದು ಕಾಯುವ ತೋಟ: ಶಾತೋ ದೀಕೆಮ್

20 ಅಕ್ಟೋಬರ್ 2024, ಭಾನುವಾರ

ಫ್ರಾನ್ಸಿನ ಬೋರ್ಡೊ ಸೀಮೆಯ ಕೆಂಪು ವೈನಿನ ತೋಟಗಳಲ್ಲಿ ಅಕ್ಟೋಬರ್ ನಡುವಿನ ಹೊತ್ತಿಗೆ ಕೊಯ್ಲು ಹೆಚ್ಚುಕಡಿಮೆ ಮುಗಿದಿರುತ್ತದೆ. ಬೋರ್ಡೊ ನಗರದಿಂದ ಆಗ್ನೇಯಕ್ಕೆ ಸುಮಾರು 40 ಕಿಲೋಮೀಟರ್ ದೂರದ ಸೊಟೆರ್ನ್‌ನಲ್ಲಿ ಮಾತ್ರ ಗೊಂಚಲುಗಳು ಇನ್ನೂ ಬಳ್ಳಿಯಲ್ಲೇ ಇರುತ್ತವೆ, ಅದೂ ಬೂಷ್ಟು ಹಿಡಿದು. ಹಿಡಿಯಲಿ ಎಂದೇ ಬಿಟ್ಟಿರುತ್ತಾರೆ. ಅಲ್ಲಿನ ದಿಬ್ಬದ ಮೇಲಿರುವ, ಈ ಹಣ್ಣಿನಿಂದ ಸಿಹಿ ಬಿಳಿ ವೈನ್ ಮಾಡುವ ಶಾತೋ ದೀಕೆಮ್ (ಚಿಕ್ಕದಾಗಿ ಈಕೆಮ್) ಎಸ್ಟೇಟಿನ ಬಗ್ಗೆ ಹೇಳುವವರೆಲ್ಲ ಮೊದಲು ಬೆಲೆಯ ಮಾತೆತ್ತುತ್ತಾರೆ. ನನ್ನ ಮಟ್ಟಿಗೆ ಈಕೆಮ್‌ನ ಹಿರಿಮೆ ಇರುವುದು ಅದು ಎಷ್ಟನ್ನು ಬೇಡವೆಂದು ಬಿಡುತ್ತದೆ ಎಂಬುದರಲ್ಲಿ.

ಮೊದಲು ಮನೆತನದ ಕಥೆ. 1453ರವರೆಗೆ ಈ ಸೀಮೆ ಇಂಗ್ಲೆಂಡಿನ ದೊರೆಗಳ ಕೈಯಲ್ಲಿತ್ತು, ಆಮೇಲೆ ಫ್ರಾನ್ಸಿನ ರಾಜನಿಗೆ ಸೇರಿತು. 1593ರಲ್ಲಿ ಝಾಕ್ ಸೋವಾಜ್‌ಗೆ ರಾಜನ ಕಡೆಯಿಂದ ಈ ಜಮೀನಿನ ಗೇಣಿ ಹಕ್ಕು ಸಿಕ್ಕಿತು, ಪೂರ್ತಿ ಒಡೆತನ ಆ ಮನೆತನಕ್ಕೆ ಬಂದದ್ದು 1711ರಲ್ಲಿ. 1785ರಲ್ಲಿ ಆ ಮನೆಯ ಮಗಳು ಫ್ರಾಂಸ್ವಾಸ್ ಝೋಸೆಫೀನ್ ಅವರ ಮದುವೆ ಕೌಂಟ್ ಲೂಯಿ ಅಮೆದೆ ದ ಲೂರ್ ಸಾಲೂಸ್ ಜೊತೆ ಆಯಿತು. ಮೂರೇ ವರ್ಷಕ್ಕೆ ಗಂಡ ಕುದುರೆಯಿಂದ ಬಿದ್ದು ತೀರಿಕೊಂಡರು. ಫ್ರೆಂಚ್ ಕ್ರಾಂತಿಯ ದಿನಗಳಲ್ಲಿ ಜೈಲು ಕಂಡರೂ ತೋಟವನ್ನು ಉಳಿಸಿಕೊಂಡು, 1826ರಲ್ಲಿ ವೈನ್ ಸೆಲ್ಲಾರ್ ಕಟ್ಟಿಸಿ, 1851ರಲ್ಲಿ ಸಾಯುವವರೆಗೂ ಎಸ್ಟೇಟ್ ನಡೆಸಿದವರು ಈ ಹೆಣ್ಣುಮಗಳು. ಈಕೆಮ್‌ಗೆ ಹೆಸರು ಬಂದದ್ದು ಇವರ ಕಾಲದಲ್ಲೇ. 1787ರಲ್ಲಿ, ಫ್ರಾನ್ಸಿನಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಥಾಮಸ್ ಜೆಫರ್ಸನ್ 1784ರ ಫಸಲಿನ 250 ಬಾಟಲಿಗಳಿಗೆ ಬೇಡಿಕೆ ಕಳಿಸಿದ್ದರು. ಬೋರ್ಡೊ ವೈನುಗಳಿಗೆ ದರ್ಜೆ ಕೊಟ್ಟ 1855ರ ವರ್ಗೀಕರಣದಲ್ಲಿ ಸಿಹಿ ಬಿಳಿ ವೈನುಗಳ ಪೈಕಿ ಎಲ್ಲಕ್ಕಿಂತ ಮೇಲಿನ ದರ್ಜೆ ಸಿಕ್ಕಿದ್ದು ಈಕೆಮ್ ಒಂದಕ್ಕೇ. ನಾಲ್ಕು ವರ್ಷದ ನಂತರ ರಷ್ಯಾದ ತ್ಸಾರ್‌ನ ತಮ್ಮ ಕಾನ್‌ಸ್ಟಾಂಟಿನ್ 1847ರ ವೈನಿನ 900 ಲೀಟರಿಗೆ 20,000 ಚಿನ್ನದ ಫ್ರಾಂಕ್ ಕೊಟ್ಟರು. ಲೂರ್ ಸಾಲೂಸ್ ಮನೆತನದ ಕೈಯಿಂದ ಒಡೆತನ ಎಲ್‌ವಿಎಂಎಚ್ ಕಂಪನಿಗೆ ಹೋದದ್ದು 1990ರ ದಶಕದ ಕೊನೆಗೆ. 2004ರಲ್ಲಿ ಆಡಳಿತ ಪಿಯೆರ್ ಲೂರ್ತೋನ್ ಅವರ ಕೈಗೆ ಬಂತು.

ಇನ್ನು ಬೂಷ್ಟಿನ ವಿಚಾರ. ಹೆಸರು ಬೋಟ್ರೈಟಿಸ್ ಸಿನೇರಿಯಾ. ಬೇರೆ ತೋಟಗಳಲ್ಲಿ ಫಸಲು ಹಾಳುಮಾಡುವ ಶಿಲೀಂಧ್ರವೂ ಇದೇ. ಸಿರೋನ್ ಎಂಬ ಪುಟ್ಟ ಹೊಳೆಯ ತಣ್ಣನೆಯ ನೀರು ಬೆಚ್ಚಗಿನ ಗರೋನ್ ನದಿಗೆ ಸೇರುವ ಕಡೆ ಶರತ್ಕಾಲದ ಬೆಳಗ್ಗೆ ಮಂಜು ಏಳುತ್ತದೆ. ಆ ತೇವಕ್ಕೆ ಬೂಷ್ಟು ಹಬ್ಬುತ್ತದೆ. ಮಧ್ಯಾಹ್ನದ ಬಿಸಿಲು, ಗಾಳಿ ಅದನ್ನು ಒಣಗಿಸುತ್ತವೆ. ಎರಡೂ ಬೇಕು. ಶಿಲೀಂಧ್ರ ಸಿಪ್ಪೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತು ಕೊರೆಯುತ್ತದೆ, ಅದರಿಂದ ನೀರು ಆರಿ ಸಕ್ಕರೆ ಗಟ್ಟಿಯಾಗುತ್ತದೆ. ಹೊಂಬಣ್ಣದ ಹಣ್ಣು ಮೊದಲು ಕಂದು ನೇರಳೆಗೆ ತಿರುಗಿ ಉಬ್ಬಿಕೊಂಡೇ ಇರುತ್ತದೆ, ಆಮೇಲೆ ಒಣದ್ರಾಕ್ಷಿಯಂತೆ ಸುಕ್ಕುಗಟ್ಟುತ್ತದೆ. ಕೀಳಬೇಕಾದ್ದು ಈ ಸುಕ್ಕಿದ ಹಂತದಲ್ಲಿ.

ಕೆಡುವ ದಾರಿಗಳೂ ಹಲವು. ಹಣ್ಣು ಪಕ್ವವಾಗುವ ಮೊದಲೇ ಬೂಷ್ಟು ಬಂದರೆ ಸಕ್ಕರೆಯೂ ಇಲ್ಲ, ಪರಿಮಳವೂ ಇಲ್ಲ, ಬರೀ ಕೊಳೆತ. ಮಳೆ ಬಿಡದೆ ಹಿಡಿದರೆ ಹಣ್ಣು ಒಡೆಯುತ್ತದೆ, ನೊಣ ಮುತ್ತಿ ವಿನೆಗರ್ ಬ್ಯಾಕ್ಟೀರಿಯಾ ಸೇರಿ ಹುಳಿಕೊಳೆ ಶುರುವಾಗುತ್ತದೆ. ಹಸಿರು ಪುಡಿಯಂತೆ ಕಾಣುವ ಪೆನಿಸಿಲಿಯಂ ಎಂಬ ಬೇರೆ ಬೂಷ್ಟು ಬಂದರೆ ರಸಕ್ಕೆ ಕಹಿ, ಮಣ್ಣುವಾಸನೆ. ಹಾಗಾಗಿ ಕೊಯ್ಯುವವರು ಕಣ್ಣಿನ ಜೊತೆ ಮೂಗಿನಿಂದಲೂ ಆರಿಸುತ್ತಾರೆ. ಚೂಪು ತುದಿಯ ಕತ್ತರಿಯಲ್ಲಿ ಸುಕ್ಕಿದ ಹಣ್ಣನ್ನಷ್ಟೇ ಬುಟ್ಟಿಗೆ ಬಿಡಿಸಿ, ಹುಳಿನಾತ ಬಂದದ್ದನ್ನು ಕತ್ತರಿಸಿ ನೆಲಕ್ಕೆ ಹಾಕಿ, ಮಾಗದ್ದನ್ನು ಬಳ್ಳಿಯಲ್ಲೇ ಬಿಟ್ಟು ಮುಂದೆ ಸಾಗುತ್ತಾರೆ. ಒಂದೇ ಸಾಲಿಗೆ ಐದಾರು ಸುತ್ತು ಬರುವುದು ಸಾಮಾನ್ಯ. ನೂರಕ್ಕೂ ಹೆಚ್ಚು ಜನ ವಾರಗಟ್ಟಲೆ ಮಾಡುವ ಕೆಲಸ. ಮಳೆ ಬಂದರೆ ಕೊಯ್ಲು ನಿಲ್ಲಿಸಲೇಬೇಕು, ಏಕೆಂದರೆ ಸುಕ್ಕಿದ ಹಣ್ಣು ನೀರು ಹೀರಿ ಗಳಿಸಿದ ಸಾಂದ್ರತೆಯನ್ನೆಲ್ಲ ಕಳೆದುಕೊಳ್ಳುತ್ತದೆ.

ಹೆಕ್ಟೇರಿಗೆ ಸಿಗುವುದು ಸರಾಸರಿ 900 ಲೀಟರ್. ಸೊಟೆರ್ನ್‌ನ ಕಾನೂನು 2,500 ಲೀಟರಿಗೆ ಅವಕಾಶ ಕೊಡುತ್ತದೆ. ಒಂದು ಬಳ್ಳಿಗೆ ಒಂದು ಗ್ಲಾಸ್ ವೈನ್ ಎಂದು ಅಲ್ಲಿ ಹೇಳುವುದು ಬಾಯಿಮಾತಲ್ಲ, ಲೆಕ್ಕವೇ ಹಾಗಿದೆ. ಸುಮಾರು ನೂರು ಹೆಕ್ಟೇರ್ ಫಸಲಿನಲ್ಲಿರುತ್ತದೆ. ಪ್ರತಿವರ್ಷ ಎರಡು ಮೂರು ಹೆಕ್ಟೇರ್ ಹಳೆ ಬಳ್ಳಿ ಕಿತ್ತು ನೆಲವನ್ನು ಬೀಳುಬಿಟ್ಟು ಮತ್ತೆ ನೆಡುತ್ತಾರೆ. ಮುಕ್ಕಾಲು ಪಾಲಿಗಿಂತ ತುಸು ಹೆಚ್ಚು ಸೆಮಿಯೋನ್ ಎಂಬ ದ್ರಾಕ್ಷಿ ತಳಿ, ಉಳಿದದ್ದು ಸೋವಿನ್ಯೋನ್ ಬ್ಲಾಂ. ಸೆಮಿಯೋನ್‌ನ ಸಿಪ್ಪೆ ತೆಳು, ಬೂಷ್ಟು ಸಲೀಸಾಗಿ ಹಿಡಿಯುತ್ತದೆ. ಸೋವಿನ್ಯೋನ್‌ನಿಂದ ಹುಳಿ ಮತ್ತು ಪರಿಮಳ ಬರುತ್ತದೆ. ನೆಲದಲ್ಲಿ ಮೇಲೆ ಮರಳು, ಗರಸು, ಅಡಿಯಲ್ಲಿ ನೀರು ಬಿಡದ ಜೇಡಿ. ಬೇರು ನೀರಲ್ಲಿ ನಿಲ್ಲದಿರಲೆಂದು 19ನೇ ಶತಮಾನದಲ್ಲೇ ನೆಲದಡಿ ಸುಮಾರು 100 ಕಿಲೋಮೀಟರ್ ಉದ್ದ ಮಣ್ಣಿನ ಕೊಳವೆ ಹಾಸಿದ್ದಾರೆ. ಮನೆತನದ ದೊಡ್ಡಸ್ತಿಕೆಗಿಂತ ಈ ಕೊಳವೆಗಳಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಹಿಂಡುವ ಹಂತದಲ್ಲಿ ಲೆಕ್ಕಾಚಾರ ತಿರುಗುಮುರುಗು. ಸಾಮಾನ್ಯ ವೈನಿಗೆ ಮೊದಲ ರಸವೇ ಉತ್ತಮ, ಕೊನೆಯದು ಒರಟು. ಇಲ್ಲಿ ಚರಟವನ್ನು ಕೆದಕಿ ಮೂರು ನಾಲ್ಕು ಬಾರಿ ಹಿಂಡುತ್ತಾರೆ. ತೀರಾ ಸುಕ್ಕಿದ ಹಣ್ಣು ರಸ ಬಿಡುವುದು ಕೊನೆಗೇ ಆದ್ದರಿಂದ ಅತಿ ಸಿಹಿಯಾದ ರಸ ಬರುವುದೂ ಆಗಲೇ. ಅವಸರದಲ್ಲಿ ಜಜ್ಜಿದರೆ ಗಸಿ ಹೆಚ್ಚಿ ರಸ ತಿಳಿಯಾಗುವುದೇ ಇಲ್ಲ.

ಆಯಾ ದಿನದ ರಸ ಆಯಾ ದಿನವೇ 225 ಲೀಟರಿನ ಹೊಸ ಓಕ್ ಪೀಪಾಯಿಗೆ ಹೋಗಿ ಬೇರೆಬೇರೆಯಾಗಿ ಹುದುಗುತ್ತದೆ. ಸರಿಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಲೀಟರಿನಲ್ಲಿ ಶೇಕಡಾ 1 ಆಲ್ಕೋಹಾಲ್. ಲೀಟರಿಗೆ 360 ಗ್ರಾಂ ಸಕ್ಕರೆಯ ರಸ ಶೇಕಡಾ 13.5ಕ್ಕೆ ಬಂದಾಗ 230 ಗ್ರಾಂ ಖರ್ಚಾಗಿ 130 ಗ್ರಾಂ ಉಳಿಯುತ್ತದೆ. ಆ ಆಲ್ಕೋಹಾಲ್, ಉಳಿದ ಸಕ್ಕರೆ, ಬೂಷ್ಟು ಬಿಟ್ಟ ಪದಾರ್ಥಗಳು ಸೇರಿ ಯೀಸ್ಟ್ ಸುಸ್ತಾಗಿ ನಿಲ್ಲುತ್ತದೆ. ಹದ ಇರುವುದು ಇಲ್ಲೇ. ರಸ 290 ಗ್ರಾಂ ಮಾತ್ರ ಇದ್ದರೆ ಸಿಹಿ ಉಳಿಯುವುದು 60 ಗ್ರಾಂ, ವೈನ್ ಬಡವಾಗುತ್ತದೆ. 430 ದಾಟಿದರೆ ಯೀಸ್ಟ್ ಬೇಗನೆ ಕೈಚೆಲ್ಲಿ ಪಾಕದಂಥ, ಮೈಯಿಲ್ಲದ ವೈನ್ ಉಳಿಯುತ್ತದೆ. ಜೊತೆಗೆ ಬೂಷ್ಟಿನಲ್ಲಿರುವ ಲ್ಯಾಕೇಸ್ ಎಂಬ ಕಿಣ್ವ ರಸವನ್ನು ಬೇಗ ಕಂದಾಗಿಸುವುದರಿಂದ ಸಲ್ಫರ್ ಡೈಆಕ್ಸೈಡ್ ಸಾಮಾನ್ಯ ವೈನಿಗಿಂತ ಹೆಚ್ಚು ಬೇಕಾಗುತ್ತದೆ. ಹಿಂದೆ ಪೀಪಾಯಿಯಲ್ಲಿ ಮೂರೂವರೆ ವರ್ಷ ಇಡುತ್ತಿದ್ದರು, ಈಗ ಅದಕ್ಕಿಂತ ಕಡಿಮೆ. ಆವಿಯಾದಷ್ಟನ್ನು ಆಗಾಗ ತುಂಬುತ್ತಿರಬೇಕು, ಇಲ್ಲವಾದರೆ ಗಾಳಿ ತಾಗಿ ವೈನ್ ಕೆಡುತ್ತದೆ.

ಇಷ್ಟೆಲ್ಲ ಮಾಡಿಯೂ ಹೊಂದಿಕೆಯಾಗದ ಪೀಪಾಯಿಗಳನ್ನು ಈಕೆಮ್ ಹೆಸರಿಲ್ಲದೆ ಸಾಗಹಾಕುತ್ತಾರೆ. ಕೆಲವೊಮ್ಮೆ ಇಡೀ ವರ್ಷವನ್ನೇ ಬಿಟ್ಟಿದ್ದಾರೆ: 1910, 1915, 1930, 1951, 1952, 1964, 1972, 1974, 1992, 2012. ಆ ಇಸವಿ ಬರೆದ ಈಕೆಮ್ ಸಿಹಿ ವೈನಿನ ಬಾಟಲಿ ಯಾರಾದರೂ ಮಾರಲು ತಂದರೆ ಅದು ನಕಲಿ ಎಂದೇ ತಿಳಿಯಬೇಕು. 1959ರಿಂದ ಇಲ್ಲೇ ಸಿಹಿಯಿಲ್ಲದ ಬಿಳಿ ವೈನೂ ಬರುತ್ತದೆ, ಹೆಸರು 'ಇಗ್ರೆಕ್'. ಮೊದಮೊದಲು ಅಪರೂಪವಾಗಿತ್ತು, 2004ರಿಂದ ಪ್ರತಿವರ್ಷ.

ಸಿಕ್ಕರೆ 10ರಿಂದ 12 ಡಿಗ್ರಿಯಲ್ಲಿ ಬಡಿಸಿ. ಐಸಿನಂತೆ ತಣ್ಣಗಾದರೆ ಏಪ್ರಿಕಾಟ್, ಕೇಸರಿಯ ಪರಿಮಳ ಏಳುವುದಿಲ್ಲ, ಬೆಚ್ಚಗಾದರೆ ಸಿಹಿ ಮುಖಕ್ಕೆ ಹೊಡೆಯುತ್ತದೆ. ಊಟದ ಕೊನೆಯ ಸಿಹಿ ಇದಕ್ಕಿಂತ ಸಿಹಿಯಿದ್ದರೆ ವೈನ್ ಹುಳಿಯಾಗಿ ತೋರುತ್ತದೆ, ಆದ್ದರಿಂದ ರೋಕ್‌ಫೋರ್‌ನಂಥ ಉಪ್ಪುಪ್ಪು ನೀಲಿ ಚೀಸ್ ಜೊತೆಗೆ ಕೊಡುವುದು ಮೇಲು. ತೆರೆದ ಬಾಟಲಿಗೆ ಬಿರಡೆ ಹಾಕಿ ಫ್ರಿಜ್ಜಿನಲ್ಲಿಟ್ಟರೆ ವಾರದ ತನಕ ತೊಂದರೆಯಿಲ್ಲ.